ಒಂದೇ ನಿಘಂಟಿನ ಮನೆ

1856ರಲ್ಲಿ ಒಸಾಕಾ ನಗರದಲ್ಲಿ ಫುಕುಜಾವಾ ಯುಕಿಚಿ ಎಂಬ 21 ವರ್ಷದ ವಿದ್ಯಾರ್ಥಿಯೊಬ್ಬ ಟೈಫಾಯಿಡ್ ಬಂದು ಹಾಸಿಗೆ ಹಿಡಿದ. ಅದಕ್ಕೆ ಸ್ವಲ್ಪ ಮುಂಚೆ, ಜೊತೆಯಲ್ಲಿ ಓದುತ್ತಿದ್ದ ಹಿರಿಯ ಗೆಳೆಯನಿಗೆ ಇದೇ ಜ್ವರ ಬಂದಾಗ ಪಕ್ಕದಲ್ಲಿದ್ದು ಆರೈಕೆ ಮಾಡಿದವನು ಇವನೇ. ಗೆಳೆಯ ಉಳಿಯಲಿಲ್ಲ, ಜ್ವರ ಇವನಿಗೆ ಹತ್ತಿತು. ಸುದ್ದಿ ತಿಳಿದು ಗುರುಗಳು ಬಂದರು. ಊರಿಗೆಲ್ಲ ಹೆಸರಾದ ವೈದ್ಯರು ಅವರು. ದಿನಾ ಬಂದು ನೋಡಿಕೊಂಡು ಹೋಗುತ್ತೇನೆ, ಮದ್ದು ಮಾತ್ರ ನಾನು ಬರೆಯುವುದಿಲ್ಲ ಎಂದರು. ನೀನು ನನಗೆ ಮಗನ ಹಾಗೆ, ನಿನ್ನ ವಿಷಯದಲ್ಲಿ ನನ್ನ ಮನಸ್ಸು ಈ ಮದ್ದೋ ಆ ಮದ್ದೋ ಎಂದು ಹೊಯ್ದಾಡುತ್ತದೆ, ಕೊಟ್ಟಮೇಲೂ ಸಮಾಧಾನವಿರುವುದಿಲ್ಲ, ಅದರಿಂದ ನಿನಗೇ ಕೆಡುಕು ಎಂದು ಕಾರಣವನ್ನೂ ಬಿಡಿಸಿ ಹೇಳಿದರು. ಚಿಕಿತ್ಸೆಯನ್ನು ತಮಗೆ ನಂಬಿಕೆಯಿದ್ದ ಇನ್ನೊಬ್ಬ ವೈದ್ಯರಿಗೆ ಒಪ್ಪಿಸಿ, ಹೇಳಿದ ಹಾಗೆಯೇ ದಿನವೂ ಬಂದು ನೋಡಿದರು. ಹುಡುಗ ಬದುಕಿದ.

ಆ ಗುರುಗಳ ಹೆಸರು ಒಗಾತಾ ಕೋಆನ್. ನಾನು ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಪೆಥಾಲಜಿ ಕಲಿಸಿದವನು. ಹೊಸ ವರ್ಷದ ಮಕ್ಕಳು ಬಿಳಿ ಕೋಟು ಹಾಕಿಕೊಂಡು ಮೊದಲ ದಿನ ಕೂತಾಗ ಈ ಪ್ರಸಂಗ ಹೇಳದೆ ಪಾಠ ಶುರುಮಾಡಿದ್ದು ಕಡಿಮೆ. ಔಷಧದ ಶಕ್ತಿಯನ್ನು ಹೇಳಿಕೊಡುವ ಪುಸ್ತಕಗಳು ಬೇಕಾದಷ್ಟಿವೆ. ತನ್ನ ಕೈ ಎಲ್ಲಿ ನಡುಗುತ್ತದೆ ಎಂದು ತಿಳಿದು ಅಲ್ಲಿ ಇನ್ನೊಬ್ಬರನ್ನು ಕರೆಯುವ ವಿವೇಕವನ್ನು ಪುಸ್ತಕದಿಂದ ಕಲಿಸಲು ಬರುವುದಿಲ್ಲ. ಕೋಆನ್ ಅವರ ಬದುಕನ್ನು ಓದಿದಷ್ಟೂ ನನಗೆ ಕಾಣುವುದು ಈ ಗುಣವೇ. ತನ್ನ ವಿದ್ಯೆಯ ಗಡಿ ಅವರಿಗೆ ಗೊತ್ತಿತ್ತು. ಆ ಗಡಿಯಾಚೆಗೆ ಶಿಷ್ಯರನ್ನು ಕಳಿಸುವ ದಾರಿಯನ್ನೂ ಅವರೇ ಮಾಡಿಕೊಟ್ಟರು.

ಅವರು ಹುಟ್ಟಿದ್ದು 1810ರಲ್ಲಿ, ಪಶ್ಚಿಮ ಜಪಾನಿನ ಅಶಿಮೋರಿ ಎಂಬ ಸಣ್ಣ ಸಂಸ್ಥಾನದಲ್ಲಿ. ಇಂದು ಅದು ಒಕಾಯಾಮಾ ಪ್ರಾಂತ್ಯ. ತಂದೆ ಕೆಳದರ್ಜೆಯ ಸಮುರಾಯ್. ಮಗನದು ಮೊದಲಿನಿಂದಲೂ ನಾಜೂಕು ಮೈ. ಕತ್ತಿ ಹಿಡಿಯುವ ಕುಲದ ಹುಡುಗ ವೈದ್ಯನಾಗುತ್ತೇನೆಂದು ಹೊರಟು ಒಸಾಕಾದಲ್ಲಿ ನಾಕಾ ತೆನ್ಯೂ ಅವರ ಬಳಿ, ಆಮೇಲೆ ದೇಶ ಆಳುತ್ತಿದ್ದ ಸೇನಾಧಿಪತಿ ಶೋಗನ್‌ನ ರಾಜಧಾನಿ ಎದೋದಲ್ಲಿ (ಇಂದಿನ ಟೋಕಿಯೊ) ತ್ಸುಬೋಯಿ ಶಿಂದೋ ಅವರ ಬಳಿ, ಕಡೆಗೆ 1836ರಲ್ಲಿ ನಾಗಸಾಕಿಗೆ ಹೋಗಿ ಓದಿದರು. 1838ರಲ್ಲಿ ಒಸಾಕಾಗೆ ಮರಳಿ ಮದುವೆಯಾದರು, ವೈದ್ಯವೃತ್ತಿ ಹಿಡಿದರು, ಮನೆಯಲ್ಲೇ ಪಾಠಶಾಲೆ ತೆರೆದರು. ಅದೇ ತೆಕಿಜುಕು.

ಆ ಕಾಲದ ಜಪಾನ್ ಹೊರಜಗತ್ತಿಗೆ ಬಾಗಿಲು ಮುಚ್ಚಿಕೊಂಡು ಕೂತಿತ್ತು. ಯುರೋಪಿನವರಲ್ಲಿ ವ್ಯಾಪಾರಕ್ಕೆ ಅನುಮತಿಯಿದ್ದದ್ದು ಡಚ್ಚರಿಗೆ ಮಾತ್ರ, ಅದೂ ನಾಗಸಾಕಿ ಬಂದರಿನಲ್ಲಿ ಕಟ್ಟಿದ ದೆಜಿಮಾ ಎಂಬ ಪುಟ್ಟ ಕೃತಕ ದ್ವೀಪದಲ್ಲಿ. ಹಾಗಾಗಿ ಜಪಾನೀಯರಿಗೆ ಯುರೋಪಿನ ವೈದ್ಯವೆಂದರೆ ಡಚ್ ಭಾಷೆಯ ಪುಸ್ತಕ. 1771ರಲ್ಲಿ ಸುಗಿತಾ ಗೆನ್‌ಪಾಕು ಮತ್ತು ಅವರ ಗೆಳೆಯರು ಮರಣದಂಡನೆಯಾದ ಹೆಂಗಸೊಬ್ಬಳ ಶವ ಕೊಯ್ಯುವುದನ್ನು ಡಚ್ ಅಂಗರಚನಾ ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡಿದರು. ಚಿತ್ರಕ್ಕೂ ಕಣ್ಣೆದುರಿನ ದೇಹಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲದ್ದು ಕಂಡು ಬೆರಗಾಗಿ, ಅದನ್ನು ಅನುವಾದಿಸಲು ಕೂತರು. ಅನುವಾದ ಅಚ್ಚಾದದ್ದು 1774ರಲ್ಲಿ. ಅಲ್ಲಿಂದ ಬೆಳೆದ ಪರಂಪರೆಯಲ್ಲೇ ಕೋಆನ್ ಬಂದವರು. ಆದರೆ ದಾರಿ ಸುರಕ್ಷಿತವಾಗಿರಲಿಲ್ಲ. ದೆಜಿಮಾದ ವೈದ್ಯ ಸೀಬೋಲ್ಡ್ ಜಪಾನಿನ ನಕ್ಷೆ ಪಡೆದರೆಂಬ ಕಾರಣಕ್ಕೆ 1829ರಲ್ಲಿ ದೇಶದಿಂದ ಹೊರಹಾಕಲ್ಪಟ್ಟರು. ತೆಕಿಜುಕು ತೆರೆದ ಮರುವರ್ಷವೇ, 1839ರಲ್ಲಿ, ಸೀಬೋಲ್ಡರ ಶಿಷ್ಯ ತಕಾನೊ ಚೋಯೆಯನ್ನು ಸರ್ಕಾರದ ನೀತಿ ಟೀಕಿಸಿದರೆಂದು ಸೆರೆಗೆ ಹಾಕಿದರು. ಕೋಆನ್ ರಾಜಕೀಯದ ಗೊಡವೆಗೆ ಹೋಗಲಿಲ್ಲ. ರೋಗಿಗಳನ್ನು ನೋಡುತ್ತ, ಅನುವಾದ ಮಾಡುತ್ತ, ಪಾಠ ಹೇಳುತ್ತ ಇದ್ದರು.

1845ರಲ್ಲಿ ಶಾಲೆ ಕಿತಾಹಾಮಾ ಎಂಬ ವ್ಯಾಪಾರಿ ಕೇರಿಯ ದೊಡ್ಡ ಮನೆಗೆ ಬಂತು. ಆ ಮರದ ಮನೆ ಇವತ್ತಿಗೂ ನಿಂತಿದೆ. ಸುತ್ತ ಎತ್ತೆತ್ತರದ ಕಚೇರಿ ಕಟ್ಟಡಗಳು; ಒಸಾಕಾ ವಿಶ್ವವಿದ್ಯಾಲಯ ಅದನ್ನು ಕಾಪಾಡಿಕೊಂಡು ಬಂದಿದೆ. ನಾನು ಹೋದಾಗ ಪಾದರಕ್ಷೆ ಕಳಚಿ, ಕೆಳಗಿನ ಸಂಸಾರದ ಕೋಣೆಗಳನ್ನು ದಾಟಿ, ಏಣಿಯಷ್ಟು ಕಡಿದಾದ ಮೆಟ್ಟಿಲು ಹತ್ತಿ ಮಹಡಿಗೆ ಬಂದೆ. ವಿದ್ಯಾರ್ಥಿಗಳು ಇದ್ದ ದೊಡ್ಡ ಹಜಾರ ಅದು. ನಡುವಿನ ಕಂಬದ ತುಂಬ ಕತ್ತಿಯ ಗಾಯಗಳು. ಇಪ್ಪತ್ತರ ಆಸುಪಾಸಿನ ಸಮುರಾಯ್ ಹುಡುಗರು ಓದಿ ಓದಿ ತಲೆ ಕೆಟ್ಟಾಗ ಸಿಟ್ಟನ್ನೆಲ್ಲ ಆ ಕಂಬದ ಮೇಲೆ ತೀರಿಸಿಕೊಳ್ಳುತ್ತಿದ್ದರು. ಒಬ್ಬೊಬ್ಬನಿಗೆ ಒಂದೊಂದು ತತಾಮಿ ಚಾಪೆಯಷ್ಟೇ ಜಾಗ. ಮೇಜು, ಹಾಸಿಗೆ, ಬಟ್ಟೆ ಎಲ್ಲ ಅದರೊಳಗೆ. ಯಾವ ಚಾಪೆ ಯಾರಿಗೆ ಎನ್ನುವುದನ್ನು ತೀರ್ಮಾನಿಸುತ್ತಿದ್ದದ್ದು ಓದಿನಲ್ಲಿ ಪಡೆದ ಸ್ಥಾನ. ಹಿಂದೆ ಬಿದ್ದವನಿಗೆ ಗೋಡೆಯ ಬದಿಯ ಕತ್ತಲು, ಇಲ್ಲವೆ ರಾತ್ರಿ ಓಡಾಡುವವರು ತುಳಿದುಕೊಂಡು ಹೋಗುವ ದಾರಿ.

ಹಜಾರದ ಪಕ್ಕದ ಚಿಕ್ಕ ಕೋಣೆಯೇ ಆ ಮನೆಯ ಗರ್ಭಗುಡಿ. ದೆಜಿಮಾದ ಡಚ್ ಅಧಿಕಾರಿ ಹೆಂಡ್ರಿಕ್ ಡೂಫ್, ನಾಗಸಾಕಿಯ ದುಭಾಷಿಗಳನ್ನು ಕೂಡಿಕೊಂಡು ಮಾಡಿದ ಡಚ್-ಜಪಾನಿ ನಿಘಂಟಿನ ಕೈಬರಹದ ಪ್ರತಿಯೊಂದು ಅಲ್ಲಿತ್ತು. ಸುಮಾರು 3000 ಹಾಳೆಗಳ ಹೊರೆ. ಇಡೀ ಶಾಲೆಗೆ ಅದೊಂದೇ ಪ್ರತಿ. ಕೋಣೆಯಿಂದ ಹೊರಗೆ ಒಯ್ಯುವಂತಿಲ್ಲ. ಹೊಸಬನಿಗೆ ಮೊದಲು ಎರಡು ಡಚ್ ವ್ಯಾಕರಣ ಪುಸ್ತಕಗಳ ಪಾಠ ಆಗುತ್ತಿತ್ತು. ಅಷ್ಟು ಮುಗಿದ ಮೇಲೆ ಅವನ ಪಾಡು ಅವನದು. ಶಾಲೆಯಲ್ಲಿದ್ದ ವೈದ್ಯ ಮತ್ತು ಭೌತಶಾಸ್ತ್ರದ ಬೆರಳೆಣಿಕೆಯ ಪುಸ್ತಕಗಳಲ್ಲಿ ತನಗೆ ಬೇಕಾದ ಭಾಗವನ್ನು ತಾನೇ ಪ್ರತಿಮಾಡಿಕೊಳ್ಳಬೇಕು, ತಾನೇ ಅರ್ಥ ಬಿಡಿಸಬೇಕು. ಇನ್ನೊಬ್ಬನನ್ನು ಕೇಳುವುದು ನಾಚಿಕೆಗೇಡು. ಕೇಳುವವನೂ ಇಲ್ಲ, ಹೇಳಿಕೊಡುವವನೂ ಇಲ್ಲ. ಬರೆಯಲು ಹಕ್ಕಿಯ ಗರಿ ಕತ್ತರಿಸಿ ಲೇಖನಿ ಮಾಡಿಕೊಳ್ಳುತ್ತಿದ್ದರು.

ತಿಂಗಳಿಗೆ ಐದಾರು ಸಲ ಓದಿನ ಪರೀಕ್ಷೆ. ಹತ್ತು ಹದಿನೈದು ಜನ ಸುತ್ತ ಕೂತು, ತಮ್ಮ ಪಾಲಿಗೆ ಬಂದ ಸಾಲುಗಳನ್ನು ಸರದಿಯಂತೆ ಬಿಡಿಸಿ ಹೇಳಬೇಕು. ಒಬ್ಬ ತಡವರಿಸಿದರೆ ಮುಂದಿನವನು ಎತ್ತಿಕೊಳ್ಳುತ್ತಾನೆ. ಸರಿಯಾಗಿ ಬಿಡಿಸಿದವನ ಹೆಸರಿನ ಮುಂದೆ ಬಿಳಿ ಬೊಟ್ಟು, ಸೋತವನಿಗೆ ಕರಿ ಬೊಟ್ಟು, ಎಲ್ಲೂ ತಡೆಯದೆ ಸೊಗಸಾಗಿ ಮುಗಿಸಿದವನಿಗೆ ಬಿಳಿ ತ್ರಿಕೋನ. ಮೂರು ತಿಂಗಳು ಎಡೆಬಿಡದೆ ಮೇಲುಗೈ ಸಾಧಿಸಿದವನು ಮೇಲಿನ ವರ್ಗಕ್ಕೆ. ಪರೀಕ್ಷೆಯ ಹಿಂದಿನ ರಾತ್ರಿ ಮನೆಯಲ್ಲಿ ಯಾರೂ ಮಲಗುತ್ತಿರಲಿಲ್ಲ. ಆ ಒಂದು ನಿಘಂಟಿನ ಸುತ್ತ ಐದು ಹತ್ತು ತಲೆಗಳು, ಮಾತಿಲ್ಲದೆ ಹಾಳೆ ತಿರುವುವ ಸದ್ದು. ಟೈಫಾಯಿಡ್ ಬಂದಾಗ ತಲೆದಿಂಬು ಹುಡುಕಿದರೆ ಸಿಗಲಿಲ್ಲ, ಆಗಲೇ ತಾನು ಆ ವರ್ಷವೆಲ್ಲ ತಲೆದಿಂಬಿಟ್ಟು ಮಲಗಿದ್ದೇ ಇಲ್ಲ ಎಂದು ಹೊಳೆಯಿತು ಎಂದು ಫುಕುಜಾವಾ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಓದುತ್ತ ಓದುತ್ತ ಮೇಜಿನ ಮೇಲೆಯೇ ತಲೆಯಿಟ್ಟು ನಿದ್ದೆ ಹೋಗುವುದು ಅಲ್ಲಿನ ರೂಢಿಯಾಗಿತ್ತು.

ಓದಿದ್ದನ್ನು ಮಾಡಿ ನೋಡುವ ಹಂಬಲವೂ ಆ ಹುಡುಗರಿಗೆ ಅಷ್ಟೇ ಇತ್ತು. ಅಮೋನಿಯಾ ತಯಾರಿಸಲು ಕುದುರೆ ಗೊರಸು ತಂದು ಮಡಕೆಯಲ್ಲಿ ಸುಟ್ಟರು. ನಾತ ತಡೆಯಲಾರದೆ ನೆರೆಹೊರೆಯವರು ಗಲಾಟೆ ಮಾಡಿದಾಗ ಕೆಲವರು ಕೆಲಸವನ್ನು ನದಿಯ ದೋಣಿಗೆ ಸಾಗಿಸಿದರು. ದಡದವರು ಕೂಗಾಡಿದರೆ ದೋಣಿಯನ್ನು ಮೇಲಕ್ಕೋ ಕೆಳಕ್ಕೋ ನಡೆಸಿಕೊಂಡು ಹೋಗಿ ಮತ್ತೆ ಒಲೆ ಹಚ್ಚುತ್ತಿದ್ದರು. ಇನ್ನೊಂದು ಸಲ, ಕುರೋದಾ ಸಂಸ್ಥಾನದ ದೊರೆ ಒಸಾಕಾ ಮಾರ್ಗವಾಗಿ ಹೋಗುವಾಗ ಅವರ ಬಳಿಯಿದ್ದ ಭಾರಿ ಬೆಲೆಯ ಡಚ್ ಭೌತಶಾಸ್ತ್ರದ ಪುಸ್ತಕವನ್ನು ಕೋಆನ್ ಎರವಲು ತಂದರು. ಫ್ಯಾರಡೆಯ ಸಂಶೋಧನೆಯನ್ನು ಆಧರಿಸಿದ ವಿದ್ಯುತ್ತಿನ ಅಧ್ಯಾಯ ಅದರಲ್ಲಿತ್ತು. ದೊರೆ ಊರು ಬಿಡುವುದರೊಳಗೆ ಹಿಂತಿರುಗಿಸಬೇಕು. ಒಬ್ಬ ಓದಿ ಹೇಳುವುದು, ಒಬ್ಬ ಬರೆಯುವುದು, ದಣಿದವನ ಜಾಗಕ್ಕೆ ಇನ್ನೊಬ್ಬ. ಹೀಗೆ ಎರಡು ರಾತ್ರಿ ಮೂರು ಹಗಲಿನಲ್ಲಿ ಆ ಅಧ್ಯಾಯವನ್ನು ಚಿತ್ರಗಳ ಸಮೇತ ಇಳಿಸಿಕೊಂಡರು. ಗುರುಗಳು ಪುಸ್ತಕ ತಂದು ಶಿಷ್ಯರ ಕೈಯಲ್ಲಿಟ್ಟರು. ಮಿಕ್ಕದ್ದು ಶಿಷ್ಯರ ಕೆಲಸ. ನನ್ನ ದೃಷ್ಟಿಯಲ್ಲಿ ಅವರ ಬೋಧನೆಯ ಗುಟ್ಟೆಲ್ಲ ಅಷ್ಟರಲ್ಲೇ ಇದೆ.

ಕೆಳಗಿನ ಅಂತಸ್ತು ಕೋಆನ್ ಅವರ ಹೆಂಡತಿ ಯಾಯೆ ಅವರದು. ವೈದ್ಯರ ಮಗಳು. ಹದಿಮೂರು ಮಕ್ಕಳನ್ನು ಹೆತ್ತು, ಅವರಲ್ಲಿ ನಾಲ್ವರನ್ನು ಎಳೆಯದರಲ್ಲೇ ಕಳೆದುಕೊಂಡವರು. ಮಹಡಿಯ ಈ ಪುಂಡರ ಹಿಂಡಿಗೂ ತಾಯಿಯಾಗಿದ್ದವರು ಅವರೇ. ಅಣ್ಣ ತೀರಿಕೊಂಡು ಮನೆಯ ಭಾರವೆಲ್ಲ ತಲೆಗೆ ಬಂದಾಗ ಫುಕುಜಾವಾ ಊರಿಗೆ ಹೋಗಬೇಕಾಯಿತು. ಮನೆಯ ಸಾಮಾನು ಮಾರಿ ಸಾಲ ತೀರಿಸಿ, ತಾಯಿಯ ಒಪ್ಪಿಗೆ ಪಡೆದು ಮತ್ತೆ ಒಸಾಕಾಗೆ ಹೊರಟ. ಡಚ್ ವಿದ್ಯೆ ಕಲಿಯಲು ರಜೆ ಕೊಟ್ಟ ಪೂರ್ವ ನಿದರ್ಶನ ಸಂಸ್ಥಾನದಲ್ಲಿ ಇರಲಿಲ್ಲವಾಗಿ, ಫಿರಂಗಿ ವಿದ್ಯೆ ಕಲಿಯಲು ಹೋಗುತ್ತೇನೆಂದು ಅರ್ಜಿಯಲ್ಲಿ ಬರೆಯಬೇಕಾಯಿತು, ಕಲಿಸುವವರೋ ವೈದ್ಯರು! ಅವನ ಕೈಯಲ್ಲಿ ಊಟಕ್ಕೂ ದುಡ್ಡಿಲ್ಲವೆಂದು ಕೋಆನ್ ಅವರಿಗೆ ಗೊತ್ತಾಯಿತು. ಊರಿನಲ್ಲಿದ್ದಾಗ ಅವನು ಒಬ್ಬರಿಂದ ಎರವಲು ತಂದು ಗುಟ್ಟಾಗಿ ಪ್ರತಿಮಾಡಿಕೊಂಡಿದ್ದ ಕೋಟೆ ಕಟ್ಟುವ ವಿದ್ಯೆಯ ಡಚ್ ಪುಸ್ತಕವೊಂದಿತ್ತು. ಅದನ್ನು ನನಗಾಗಿ ಅನುವಾದಿಸು, ಆ ಕೆಲಸಕ್ಕೆ ಪ್ರತಿಯಾಗಿ ಮನೆಯಲ್ಲಿ ಊಟ ವಸತಿ ಎಂದರು. ಒಬ್ಬನಿಗೆ ಬಿಟ್ಟಿ ಊಟ ಹಾಕಿದರೆ ಉಳಿದವರ ಮುಂದೆ ಅವನ ತಲೆ ತಗ್ಗುತ್ತದೆ. ಅದಾಗದಂತೆ ನೋಡಿಕೊಂಡ ಆ ಸೂಕ್ಷ್ಮ ನನ್ನನ್ನು ಇಂದಿಗೂ ಕರಗಿಸುತ್ತದೆ.

ಇನ್ನು ಸಿಡುಬಿನ ಕಥೆ. ಮೈಸೂರಿನ ನಮಗೆ ಇದು ದೂರದ ಮಾತಲ್ಲ. 1805ರ ಸುಮಾರಿಗೆ ಥಾಮಸ್ ಹಿಕಿ ಬರೆದ ಮೂವರು ಹೆಂಗಸರ ತೈಲಚಿತ್ರವೊಂದಿದೆ. ಅವರು ಮೈಸೂರು ಅರಮನೆಯ ರಾಣಿವಾಸದವರು, ಅವರಲ್ಲೊಬ್ಬಳು ಸೆರಗು ಸರಿಸಿ ತೋರಿಸುತ್ತಿರುವುದು ದಾಕು ಹಾಕಿದ ತೋಳನ್ನು ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಇಂಗ್ಲೆಂಡಿನ ವೈದ್ಯ ಜೆನ್ನರನ ಗೋಸಿಡುಬಿನ ಲಸಿಕೆ 1802ರಲ್ಲಿ ಮುಂಬಯಿಗೆ ಬಂದಿತ್ತು. ಕೆಲವೇ ವರ್ಷಗಳಲ್ಲಿ ನಮ್ಮ ಅರಮನೆಯ ಒಳಗೂ ಬಂತು. ಜಪಾನಿಗೆ ಅದು ತಲುಪಿದ್ದು 1849ರಲ್ಲಿ! ಲಸಿಕೆ ಜೀವಂತ ವಸ್ತು. ಡಚ್ಚರ ನೆಲೆಯಾಗಿದ್ದ ಬಟಾವಿಯಾದಿಂದ (ಇಂದಿನ ಜಕಾರ್ತಾ) ನಾಗಸಾಕಿಗೆ ಹಡಗಿನ ದೀರ್ಘ ಪ್ರಯಾಣದ ಸೆಕೆಯಲ್ಲಿ ಅದು ಸತ್ತೇ ಹೋಗುತ್ತಿತ್ತು. ಸೀಬೋಲ್ಡ್ ತಂದದ್ದೂ ಫಲಿಸಿರಲಿಲ್ಲ. ಕೀವು ಬೇಡ, ಒಣಗಿದ ಹಕ್ಕಳೆ ತರಿಸಿ ನೋಡೋಣ ಎಂದರು ಜಪಾನಿ ವೈದ್ಯ ನಾರಾಬಾಯಾಶಿ ಸೋಕೆನ್. ದೆಜಿಮಾದ ವೈದ್ಯ ಮೋನಿಕೆ ಅದನ್ನು ತರಿಸಿದರು. ಸೋಕೆನ್ ತಮ್ಮ ಸ್ವಂತ ಮಗನ ತೋಳನ್ನೇ ಮುಂದೆ ಮಾಡಿದರು. ಅದು ಮೊಳೆಯಿತು.

ಆಮೇಲಿನದು ಮಗುವಿನಿಂದ ಮಗುವಿಗೆ ನಡೆದ ಪಯಣ. ಲಸಿಕೆ ಹಾಕಿದ ತೋಳಿನಲ್ಲಿ ಏಳೆಂಟನೆಯ ದಿನಕ್ಕೆ ಬೊಕ್ಕೆ ತುಂಬುತ್ತದೆ. ಅದರ ರಸವನ್ನು ಆಗಲೇ ಇನ್ನೊಂದು ಮಗುವಿನ ತೋಳಿಗೆ ದಾಟಿಸಬೇಕು. ಒಂದು ವಾರ ಮಗು ಸಿಗದಿದ್ದರೆ ಸರಪಳಿ ಕಡಿದಂತೆ. ಮತ್ತೆ ಸಮುದ್ರದಾಚೆಯಿಂದ ತರಿಸಬೇಕು. ನಾಗಸಾಕಿಯಿಂದ ಕ್ಯೋತೋಗೆ ಬಂದ ಲಸಿಕೆಯನ್ನು ಫುಕುಯಿ ಊರಿನ ವೈದ್ಯ ಕಾಸಾಹಾರಾ ಹಕುವೊ ಅಲ್ಲಿ ಬದುಕಿಸಿಕೊಂಡಿದ್ದರು. ಕೋಆನ್ ಮತ್ತು ಅವರ ಜೊತೆಗಾರ ವೈದ್ಯ ಹಿನೊ ಅಲ್ಲಿಗೆ ಹೋಗಿ ಪಾಲು ಬೇಡಿ ತಂದರು. ಅದೇ ಚಳಿಗಾಲದಲ್ಲಿ ಕಾಸಾಹಾರಾ ಲಸಿಕೆ ಹಾಕಿದ ಎಳೆಯ ಮಕ್ಕಳನ್ನೂ ಅವರ ಹೆತ್ತವರನ್ನೂ ಕರೆದುಕೊಂಡು, ಹಿಮದಲ್ಲಿ ಹೂತುಹೋಗಿದ್ದ ಘಟ್ಟ ದಾಟಿ ತಮ್ಮೂರಿಗೆ ಲಸಿಕೆ ತಲುಪಿಸಿದರು. ಆ ತಂದೆತಾಯಿಗಳ ಎದೆಗಾರಿಕೆಯನ್ನು ನೆನೆದರೆ ನನಗೆ ಕೈ ಮುಗಿಯಬೇಕೆನಿಸುತ್ತದೆ.

ಒಸಾಕಾದಲ್ಲಿ ಲಸಿಕೆಯ ಮನೆ 1849ರ ಕೊನೆಯಲ್ಲಿ ತೆರೆಯಿತು. ಯಾಮಾತೋಯಾ ಕಿಹೆಯ್ ಎಂಬ ವ್ಯಾಪಾರಿ ಹಣ ಹಾಕಿದರು. ಇದರಿಂದ ಬಂದ ಹಣವನ್ನು ಯಾವ ವೈದ್ಯನೂ ಸ್ವಂತಕ್ಕೆ ಮುಟ್ಟಕೂಡದು, ಲಸಿಕೆ ಹರಡುವುದಕ್ಕೇ ಬಳಸಬೇಕು ಎಂದು ಸೇರಿದವರೆಲ್ಲ ಒಪ್ಪಿಕೊಂಡರು. ಆದರೆ ಜನ ಬರಲಿಲ್ಲ. ಹಸುವಿನ ಕೀವು ಮೈಗೆ ಸೇರಿದರೆ ಮಗು ಹಸುವಾಗುತ್ತದೆ, ಮೈ ಕೆಡುತ್ತದೆ ಎಂಬ ಗುಲ್ಲು ಊರೆಲ್ಲ ಹಬ್ಬಿತು. ಮೂರು ನಾಲ್ಕು ವರ್ಷ ಕೋಆನ್ ಮತ್ತು ಜೊತೆಗಾರರು ಬಡವರ ಕೇರಿಗಳಲ್ಲಿ ಓಡಾಡಿ, ಅಕ್ಕಿಯನ್ನೂ ಹಣವನ್ನೂ ಕೊಟ್ಟು ಮಕ್ಕಳನ್ನು ಕರೆತಂದು ಸರಪಳಿಯನ್ನು ಕಾಪಾಡಿದರು. ಈ ಕಷ್ಟವನ್ನು ಅವರು 1860ರಲ್ಲಿ ಬರೆದಿಟ್ಟಿದ್ದಾರೆ. ಸರ್ಕಾರದ ಮನ್ನಣೆ ಸಿಕ್ಕಿದ್ದು 1858ರಲ್ಲಿ. 1849ರಲ್ಲೇ ಶೋಗನ್ ಸರ್ಕಾರ ತನ್ನ ವೈದ್ಯರಿಗೆ, ಶಸ್ತ್ರಚಿಕಿತ್ಸೆ ಮತ್ತು ಕಣ್ಣಿನ ಚಿಕಿತ್ಸೆ ಬಿಟ್ಟು ಮಿಕ್ಕ ಪಾಶ್ಚಾತ್ಯ ವೈದ್ಯವನ್ನು ನಿಷೇಧಿಸಿತ್ತು ಎನ್ನುವುದನ್ನು ನೆನಪಿಟ್ಟರೆ ಆ ಒಂಬತ್ತು ವರ್ಷಗಳ ತೂಕ ತಿಳಿಯುತ್ತದೆ. ನಮ್ಮಲ್ಲೂ ಅಮ್ಮ ಬಂದಿದ್ದಾಳೆ ಎಂದು ಬೇವಿನ ಸೊಪ್ಪು ಕಟ್ಟಿ ಕೂರುತ್ತಿದ್ದ ಮನೆಗಳಿಗೆ ದಾಕು ಹಾಕುವವರು ಹೋದರೆ ಮಕ್ಕಳನ್ನು ಹಿತ್ತಲಲ್ಲಿ ಬಚ್ಚಿಡುತ್ತಿದ್ದರೆಂದು ಅಜ್ಜಿ ಹೇಳುತ್ತಿದ್ದಳು.

ಅದೇ 1849ರಲ್ಲಿ ಕೋಆನ್ ಅವರ ಪೆಥಾಲಜಿ ಪುಸ್ತಕ ಅಚ್ಚಾಯಿತು. ಈ ವಿಷಯದಲ್ಲಿ ಜಪಾನಿನ ಮೊದಲನೆಯದು. ಅವರ ದೊಡ್ಡ ಕೆಲಸವೆಂದರೆ ಬರ್ಲಿನ್ನಿನ ವೈದ್ಯ ಹುಫೆಲಾಂಡ್ ಐವತ್ತು ವರ್ಷಗಳ ಅನುಭವದಿಂದ ಬರೆದ ಗ್ರಂಥದ ಅನುವಾದ. ಜರ್ಮನ್‌ನಿಂದ ಡಚ್ಚಿಗೆ ಬಂದಿದ್ದ ಅದನ್ನು ಕೋಆನ್ ಜಪಾನಿಗೆ ತಂದರು; 1857ರಿಂದ 1861ರವರೆಗೆ 30 ಭಾಗಗಳಲ್ಲಿ ಹೊರಬಂತು. ಅದರ ಕೊನೆಯಲ್ಲಿ ವೈದ್ಯನ ನಡತೆಯ ಬಗ್ಗೆ ಇದ್ದದ್ದನ್ನು ಹನ್ನೆರಡು ಅಂಶಗಳಿಗೆ ಇಳಿಸಿ ಶಿಷ್ಯರಿಗೆ ಕೊಟ್ಟರು. ರೋಗಿಯಲ್ಲಿ ರೋಗಿಯನ್ನಷ್ಟೇ ಕಾಣು, ಅವನ ಅಂತಸ್ತನ್ನಲ್ಲ. ವಾಸಿಯಾಗದ ರೋಗಿಯನ್ನು ಕೈಬಿಡಬೇಡ. ನೀನು ಬರೆಯುವ ಮದ್ದಿಗೆ ಅವನ ಕೈಯಲ್ಲಿ ದುಡ್ಡಿದೆಯೇ ಎಂದು ಯೋಚಿಸು. ಬೇರೆ ವೈದ್ಯರನ್ನು ಹಳಿಯಬೇಡ. ಈ ಮಾತುಗಳನ್ನು ನಾನು ಕನ್ನಡದಲ್ಲಿ ಬರೆದು ನನ್ನ ಲ್ಯಾಬಿನ ಗೋಡೆಗೆ ಅಂಟಿಸಿದ್ದೆ. ರಕ್ತದ ರಿಪೋರ್ಟಿಗೆ ಕಾಯುವ ರೋಗಿಗಳು ಸಾಲಿನಲ್ಲಿ ನಿಂತು ಅದನ್ನು ಓದುತ್ತಿದ್ದರು. 1858ರಲ್ಲಿ ಕಾಲರಾ ಬಂದೆರಗಿದಾಗ ಕೋಆನ್ ಡಚ್ ಪುಸ್ತಕಗಳಿಂದ ಚಿಕಿತ್ಸಾಕ್ರಮ ಆಯ್ದು, ಕೆಲವೇ ದಿನಗಳಲ್ಲಿ ಕೈಪಿಡಿ ಮಾಡಿ ವೈದ್ಯರಿಗೆ ಹಂಚಿದರು. ಆ ಕಾಯಿಲೆ ಜಪಾನಿಗೆ ಮೊದಲು ಬಂದದ್ದು 1822ರಲ್ಲಿ, 1817ರಲ್ಲಿ ನಮ್ಮ ಬಂಗಾಳದಿಂದ ಹೊರಟ ಮಹಾಮಾರಿಯ ಬೆನ್ನಿಗೆ.

ಇಷ್ಟಾದರೂ ಒಂದು ಮಾತು ಹೇಳಲೇಬೇಕು. ತೆಕಿಜುಕುವಿನಲ್ಲಿ ವೈದ್ಯಕ್ಕಿಂತ ಹೆಚ್ಚಾಗಿ ಕಲಿಸುತ್ತಿದ್ದದ್ದು ಓದನ್ನು. ನಾಗಾಯೊ ಸೆನ್ಸಾಯ್ ಎಂಬ ಶಿಷ್ಯ ಮುಂದೆ ತನ್ನ ನೆನಪುಗಳಲ್ಲಿ ಇದನ್ನು ನೇರವಾಗಿ ಬರೆದ: ಹೆಸರಿಗೆ ವೈದ್ಯಶಾಲೆ, ನಿಜಕ್ಕೆ ಡಚ್ ಗ್ರಂಥಗಳನ್ನು ಬಿಡಿಸುವ ಜಾಗ. ಒಮುರಾ ಮಸುಜಿರೊ ಅಲ್ಲಿಂದ ಹೋಗಿ ಸೈನ್ಯ ಕಟ್ಟಿದ, ಫುಕುಜಾವಾ ಕೇಯೊ ವಿದ್ಯಾಸಂಸ್ಥೆ ಕಟ್ಟಿದ, ಸಾನೊ ತ್ಸುನೆತಾಮಿ ಜಪಾನಿನ ರೆಡ್ ಕ್ರಾಸ್ ಸ್ಥಾಪಿಸಿದ. 1844ರಿಂದ ಇಟ್ಟ ದಾಖಲಾತಿ ಪುಸ್ತಕದಲ್ಲಿ 600ಕ್ಕೂ ಹೆಚ್ಚು ಹೆಸರುಗಳಿವೆ. ದೇಶದ ಮೂಲೆ ಮೂಲೆಯವರು. ರೋಗಿಯ ಮಗ್ಗುಲಲ್ಲಿ ನಿಂತು ಕಲಿಯುವ ವೈದ್ಯಶಿಕ್ಷಣ ಆಗ ಬಂದದ್ದು ನಾಗಸಾಕಿಗೆ. ಅಲ್ಲಿ ಡಚ್ ವೈದ್ಯ ಪೊಂಪೆ 1857ರಿಂದ ಕ್ರಮವಾಗಿ ಪಾಠ ನಡೆಸಿ, 1859ರಲ್ಲಿ ಶವಚ್ಛೇದನ ಮಾಡಿ ತೋರಿಸಿ, 1861ರಲ್ಲಿ ಆಸ್ಪತ್ರೆಯನ್ನೂ ತೆರೆದರು. ಇಪ್ಪತ್ತು ವರ್ಷ ತಾನು ಕಟ್ಟಿದ ಶಾಲೆಯನ್ನು ಮೀರಿಸುವ ಶಾಲೆ ಎದ್ದಿತೆಂದು ಕೋಆನ್ ಮುಖ ತಿರುಗಿಸಲಿಲ್ಲ. ಪೊಂಪೆಯ ಬಳಿಗೆ ಹೋಗು ಎಂದು ನಾಗಾಯೊಗೆ ಹೇಳಿದವರು ಅವರೇ. ಅವರ ಸ್ವಂತ ಮಗನೂ ಅಲ್ಲೇ ಓದಿದ.

1862ರಲ್ಲಿ ಶೋಗನ್‌ನ ಅರಮನೆ ವೈದ್ಯರಾಗಿ, ಎದೋದ ಪಾಶ್ಚಾತ್ಯ ವೈದ್ಯಶಾಲೆಯ ಮುಖ್ಯಸ್ಥರಾಗಿ ಬರಬೇಕೆಂದು ಕರೆ ಬಂತು. ಮೈಯಲ್ಲಿ ಕಸುವಿಲ್ಲವೆಂದು ಮೊದಲು ಒಪ್ಪಲಿಲ್ಲ, ಕೊನೆಗೆ ಹೋಗಲೇಬೇಕಾಯಿತು. ಒಂದು ವರ್ಷವೂ ತುಂಬಲಿಲ್ಲ. 1863ರ ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ರಕ್ತ ಕಾರಿ ತೀರಿಕೊಂಡರು. ಸುದ್ದಿ ಕೇಳಿ ಫುಕುಜಾವಾ ಓಡೋಡಿ ಬರುವಷ್ಟರಲ್ಲಿ ಉಸಿರು ನಿಂತಿತ್ತು.

ನಾಗಾಯೊ ಹುಟ್ಟಿದ ಮನೆಯೂ ಸಿಡುಬಿನೊಡನೆ ಹೋರಾಡಿದ್ದೇ. ಅವನ ತಾತ ಒಮುರಾ ಸಂಸ್ಥಾನದಲ್ಲಿ ಸಿಡುಬಿನ ವೈದ್ಯರೆಂದು ಹೆಸರಾದವರು. ಒಸಾಕಾದಲ್ಲಿ ಓದಲು ಕಲಿತು, ನಾಗಸಾಕಿಯಲ್ಲಿ ರೋಗಿಯನ್ನು ನೋಡಲು ಕಲಿತ ಮೊಮ್ಮಗ, ಶೋಗನ್ ಆಳ್ವಿಕೆ ಹೋಗಿ ಬಂದ ಹೊಸ ಸರ್ಕಾರದಲ್ಲಿ ದೇಶದ ಸಾರ್ವಜನಿಕ ಆರೋಗ್ಯದ ಹೊಣೆ ಹೊತ್ತ. ವೈದ್ಯರ ಶಿಕ್ಷಣ ಮತ್ತು ಪರವಾನಗಿಯನ್ನು ಒಂದು ಕಟ್ಟಿಗೆ ತಂದ 1874ರ ನಿಯಮಾವಳಿ ಅವನ ನೇತೃತ್ವದಲ್ಲೇ ರೂಪುಗೊಂಡಿತು. ಎರಡು ವರ್ಷದ ಮೇಲೆ, 1876ರಲ್ಲಿ, ಸಿಡುಬಿನ ಲಸಿಕೆಯನ್ನು ಜಪಾನಿನಲ್ಲಿ ಕಡ್ಡಾಯ ಮಾಡಿದರು. ಅಕ್ಕಿ ಕೊಟ್ಟು ಮಕ್ಕಳನ್ನು ಕರೆತರುತ್ತಿದ್ದವರ ಮನೆಯೊಡತಿ ಯಾಯೆ ಆಗ ಇನ್ನೂ ಬದುಕಿದ್ದರು. ಅವರು ತೀರಿಕೊಂಡದ್ದು 1886ರಲ್ಲಿ.